ಅಂಗಡಿಯ ಕಡತ, ಕಚೇರಿಯ ಕಡತ

ಮೈಸೂರಿನ ಕೆ.ಆರ್.ಎಸ್. ರಸ್ತೆ ಹಿಡಿದು ಒಂಟಿಕೊಪ್ಪಲು, ಮೇಟಗಳ್ಳಿ ದಾಟಿದರೆ ಹೆಬ್ಬಾಳ. ಕೆರೆಯ ಸುತ್ತ ಇದ್ದ ಹಳ್ಳಿ ಈಗ ಕೈಗಾರಿಕಾ ಪ್ರದೇಶವಾಗಿದೆ. ಒಂದು ಬದಿಗೆ ತಗಡಿನ ಚಾವಣಿಯ ಶೆಡ್ಡುಗಳು, ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳು, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕ್ ಘಟಕಗಳು, ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಿಪೆಟ್. ಇನ್ನೊಂದು ಬದಿಗೆ 300 ಎಕರೆಗೂ ಮಿಕ್ಕ ಇನ್ಫೋಸಿಸ್ ಆವರಣ, ಅದರೊಳಗೆ ದೇಶದ ಮೂಲೆಮೂಲೆಯಿಂದ ಬಂದ ಹೊಸ ಎಂಜಿನಿಯರುಗಳನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ತರಬೇತುಗೊಳಿಸುವ ಶಿಕ್ಷಣ ಕೇಂದ್ರ. ಬೆಳಗಿನ ಪಾಳಿಯ ಹೊತ್ತಿಗೆ ಒಂದೇ ರಸ್ತೆಯಲ್ಲಿ ಇಳಿಯುವ ಈ ಎರಡೂ ಬಗೆಯ ದುಡಿಯುವ ಜನರಿಗೆ ಓದುವ ಅಗತ್ಯವಿದೆ. ವ್ಯಾಪಾರ, ಮಾರಾಟ, ವಿನ್ಯಾಸ, ನಿರ್ವಹಣೆ, ಸ್ವಂತ ಏಳಿಗೆ ಇವುಗಳ ಬಗ್ಗೆ ಏನು ಓದಬೇಕು ಎಂದು ಕೇಳಿದರೆ ಒಬ್ಬನಿಗೆ ಇಂಗ್ಲಿಷಿನಲ್ಲಿ ನೂರು ಪುಸ್ತಕದ ಪಟ್ಟಿ ಸಿಗುತ್ತದೆ. ಇನ್ನೊಬ್ಬನಿಗೆ ಕನ್ನಡದಲ್ಲಿ ಸಿಗುವುದು ಹೆಚ್ಚುಕಡಿಮೆ ಒಂದೇ ಜಾತಿಯ ಪುಸ್ತಕ: ವ್ಯಕ್ತಿತ್ವ ವಿಕಸನ. ಧೈರ್ಯ ತಂದುಕೋ, ಗುರಿ ಇಟ್ಟುಕೋ, ಬೆಳಗ್ಗೆ ಬೇಗ ಏಳು ಎನ್ನುವ ಪುಸ್ತಕಗಳು. ಲೆಕ್ಕ ಹೇಗಿಡಬೇಕು, ಬೆಲೆ ಹೇಗೆ ಕಟ್ಟಬೇಕು, ಮಾಲನ್ನು ಯಾರಿಗೆ ಹೇಗೆ ಮಾರಬೇಕು ಎಂಬ ಪುಸ್ತಕಕ್ಕೆ ಅಂಗಡಿಯೆಲ್ಲ ಹುಡುಕಬೇಕು. ಇದು ಕನ್ನಡದ ಸ್ವಭಾವದಿಂದ ಬಂದ ಕೊರತೆಯಲ್ಲ, ಚರಿತ್ರೆಯಲ್ಲಿ ಒಂದು ಘಟ್ಟದಲ್ಲಿ ನಾವು ಕೈಬಿಟ್ಟದ್ದರ ಫಲ ಎಂಬುದು ನನ್ನ ವಾದ. ಮನಸ್ಸಿನ ಪುಸ್ತಕ ಉಬ್ಬಿದ್ದು ಕಸುಬಿನ ಪುಸ್ತಕ ತೆರವು ಮಾಡಿದ ಜಾಗದಲ್ಲಿ.

ಕನ್ನಡಕ್ಕೆ ಕಸುಬಿನ ಬರವಣಿಗೆ ಹೊಸದಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಸುಮಾರು 1025ರದು. ಅಂತರ್ಜಲ ಗುರುತಿಸುವುದು, ಮನೆ ಕಟ್ಟುವುದು, ಗಿಡಮರಗಳ ಆರೈಕೆ, ಸುಗಂಧ ತಯಾರಿಕೆ, ಅಡುಗೆ ಎಲ್ಲವೂ ಅದರಲ್ಲಿವೆ. 12ನೆಯ ಶತಮಾನದ ರಾಜಾದಿತ್ಯ ಬರೆದ ಗಣಿತದ ಪುಸ್ತಕದ ಹೆಸರೇ ‘ವ್ಯವಹಾರಗಣಿತ’. ಜೈನ ಪಂಡಿತನೊಬ್ಬ ಸಂಸ್ಕೃತದಲ್ಲಿ ಬರೆದು ಪಂಡಿತರ ಮೆಚ್ಚುಗೆ ಗಳಿಸಬಹುದಾಗಿದ್ದ ಕಾಲದಲ್ಲಿ, ಕೊಡುಕೊಳ್ಳುವವರಿಗೆ ಬೇಕಾದ ಲೆಕ್ಕವನ್ನು ಸೂತ್ರ ಮಾಡಿ, ಉದಾಹರಣೆ ಸಹಿತ ಕನ್ನಡದಲ್ಲಿ ಇಟ್ಟ. ಪಂಪ ರನ್ನರ ಹೆಸರಿಗೆ ತಲೆದೂಗುವ ನಾವು ರಾಜಾದಿತ್ಯನನ್ನು ಕವಿಚರಿತೆಯ ಒಂದು ನಮೂದಾಗಿ ಮಾತ್ರ ಉಳಿಸಿಕೊಂಡಿದ್ದೇವೆ. ವಿನ್ಯಾಸದ ವಿಷಯಕ್ಕೆ ಬಂದರೆ ಮೈಸೂರಿನಲ್ಲೇ ದೊಡ್ಡ ಸಾಕ್ಷಿಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ದೇವತಾ ರೂಪಗಳ ಲಕ್ಷಣ ಮತ್ತು ಚಿತ್ರಗಳ ಬೃಹತ್ ಸಂಗ್ರಹ. ಶ್ಲೋಕ ಸಂಸ್ಕೃತದ್ದು, ಲಿಪಿ ಕನ್ನಡದ್ದು. ಭಕ್ತರಿಗೆ ಅದು ಧ್ಯಾನದ ಗ್ರಂಥವಾದರೆ, ಮೈಸೂರು ಶೈಲಿಯ ಚಿತ್ರಕಾರನಿಗೆ ಯಾವ ಮೂರ್ತಿಗೆ ಯಾವ ಬಣ್ಣ, ಯಾವ ಕೈಯಲ್ಲಿ ಯಾವ ಆಯುಧ ಎಂದು ಹೇಳುವ ಕೈಪಿಡಿ. ಇವು ಯಾವುವೂ ಇಂದಿನ ಅರ್ಥದ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲ, ಹಾಗೆಂದು ಹಿಗ್ಗಿಸಿ ಹೇಳುವುದು ತಪ್ಪು. ಆದರೆ ಕೆಲಸ ಮಾಡುವವನ ಕೈಗೆ ಪುಸ್ತಕ ಕೊಡಬೇಕೆಂಬ ವಿಚಾರ ಕನ್ನಡ ನಾಡಿಗೆ ವಿದೇಶದಿಂದ ಬರಬೇಕಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಅಂಗಡಿಯವನು ತಾನೇ ಬರೆದುಕೊಳ್ಳುತ್ತಿದ್ದ ಪುಸ್ತಕವೂ ಒಂದಿತ್ತು, ಅದೇ ಕಡತ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಎರಡೂ ಕಡೆ ಗಂಜಿಯಲ್ಲಿ ಕಲಸಿದ ಇದ್ದಿಲ ಪುಡಿ ಬಳಿದು, ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಹೊತ್ತಗೆ. ಎರಡು ತುದಿಗೂ ಬಣ್ಣ ಬಳಿದ ಮರದ ಹಲಗೆ, ಬರೆಯಲು ಬಳಪ. ಮೈಸೂರಿನಲ್ಲಿ ರೆಸಿಡೆಂಟನ ಕೆಲಸ ನೋಡಿಕೊಂಡಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬರಲು ತೊಡಗಿದ ತನ್ನ ಚರಿತ್ರೆಯಲ್ಲಿ ಇದರ ಅಳತೆಯನ್ನೂ ಕೊಡುತ್ತಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಅಳಿಸಿ ಮತ್ತೆ ಬರೆಯಬಹುದು, ಆದರೂ ಜೋಪಾನ ಮಾಡಿದರೆ ಕಾಗದಕ್ಕಿಂತ ಹೆಚ್ಚು ಬಾಳುತ್ತದೆ. ಅರಮನೆಯ ಲೆಕ್ಕ, ಮಠದ ದಾಖಲೆ, ವರ್ತಕನ ಬಾಕಿ ಮೂರಕ್ಕೂ ಇದೇ ಒದಗುತ್ತಿತ್ತು. ವಿಲ್ಕ್ಸ್ ನೋಡುವ ಹೊತ್ತಿಗೂ ಅಂಗಡಿಕಾರರು ಇದನ್ನು ಬಿಟ್ಟಿರಲಿಲ್ಲ. ಇಂದು ಕಡತ ಎಂದರೆ ಸರ್ಕಾರಿ ಫೈಲು ಎಂದಷ್ಟೇ ನಮಗೆ ಗೊತ್ತು. ಕಡತ ವಿಲೇವಾರಿ, ಕಡತ ನಾಪತ್ತೆ, ಕಡತ ಯಜ್ಞ. ಅಂಗಡಿಯಲ್ಲೂ ಕಚೇರಿಯಲ್ಲೂ ಓಡಾಡಿಕೊಂಡಿದ್ದ ಪದ ಅಂಗಡಿಯ ನಂಟು ಕಳಚಿಕೊಂಡು ಕಚೇರಿಯಲ್ಲಿ ನೆಲೆಗೊಂಡಿತು. ಲೆಕ್ಕ ಬರೆಯುವ ಕನ್ನಡವೂ ಇದೇ ದಾರಿಯಲ್ಲಿ ಹೋಯಿತೆಂದು ಅನ್ನಿಸುತ್ತದೆ.

ಹೋದದ್ದು ಯಾವಾಗ? ಬ್ರಿಟಿಷರ ಕಾಲದಲ್ಲೇ ಎಂದು ಥಟ್ಟನೆ ಹೇಳಿಬಿಡಬಹುದು, ಆದರೆ ಮೈಸೂರಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. 1911ರ ಜೂನ್ 10ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ಆರ್ಥಿಕ ಸಮ್ಮೇಳನವನ್ನು ಉದ್ಘಾಟಿಸಿದರು. ಆಗ ಚೀಫ್ ಎಂಜಿನಿಯರ್ ಆಗಿದ್ದು ಮರುವರ್ಷ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಬೆನ್ನೆಲುಬು. ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯ, ಶಿಕ್ಷಣ ಎಂದು ಮೂರು ಸಮಿತಿಗಳು. ಇಲ್ಲಿ ಗಮನಿಸಬೇಕಾದ್ದು ಶಿಕ್ಷಣವನ್ನು ವ್ಯಾಪಾರದ ಪಕ್ಕದಲ್ಲೇ ಕೂರಿಸಿದ್ದು. ಮುಂದಿನ ಏಳೆಂಟು ವರ್ಷಗಳಲ್ಲಿ ಆದ ಕೆಲಸಗಳನ್ನು ನೋಡಿದರೆ ಆ ನಂಟು ಕಣ್ಣಿಗೆ ಕಟ್ಟುತ್ತದೆ. 1913ರಲ್ಲಿ ಮೈಸೂರು ಬ್ಯಾಂಕು, ಅದೇ ವರ್ಷ ಬೆಂಗಳೂರಿನ ಇನ್ನೊಂದು ಹೆಬ್ಬಾಳದಲ್ಲಿ ಕೃಷಿ ಶಾಲೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮತ್ತು ವಾಣಿಜ್ಯ ಮಂಡಳಿ, 1918ರಲ್ಲಿ ಸಾಬೂನು ಕಾರ್ಖಾನೆ. ಪರಿಷತ್ತಿನ ಹುಟ್ಟಿಗೆ ಆರ್ಥಿಕ ಸಮ್ಮೇಳನದ ಚರ್ಚೆಗಳೇ ಕಾರಣವಾದವು ಎಂಬುದನ್ನು ನಾವು ನುಡಿಹಬ್ಬಗಳ ಭಾಷಣದಲ್ಲಿ ಮರೆಯುತ್ತೇವೆ. ಕನ್ನಡ ಪುಸ್ತಕ ಬೆಳೆಯುವುದು ನಾಡಿನ ಉತ್ಪತ್ತಿ ಬೆಳೆಯುವುದಕ್ಕೆ ಬೇಕು ಎಂಬ ನಂಬಿಕೆ ಆಗ ಇತ್ತು. ಬೆಂಗಳೂರು, ಮೈಸೂರು ಎರಡೂ ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆದದ್ದು ಇದೇ ಕಾಲದಲ್ಲಿ.

ಅರಮನೆಯ ಹೊರಗೂ ಈ ನಂಬಿಕೆ ಹಬ್ಬಿತ್ತು. ಮೈಸೂರಿನ ಪತ್ರಿಕೋದ್ಯಮದ ಪಿತಾಮಹ, ತಾತಯ್ಯನವರೆಂದೇ ಜನ ಕರೆದ ಎಂ. ವೆಂಕಟಕೃಷ್ಣಯ್ಯ ನಡೆಸಿದ ಪತ್ರಿಕೆಗಳಲ್ಲಿ ಒಂದರ ಹೆಸರು ‘ಸಂಪದಭ್ಯುದಯ’. ಸಂಪತ್ತಿನ ಏಳಿಗೆ ಎಂದು ದಿನಪತ್ರಿಕೆಗೆ ಹೆಸರಿಡಲು ಒಬ್ಬ ಶಾಲಾ ಮೇಷ್ಟರಿಗೆ, ಅನಾಥಾಲಯ ಕಟ್ಟಿದ ಸಂತನಂಥ ಮನುಷ್ಯನಿಗೆ ಸಂಕೋಚವಾಗಲಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ ಮಾಸಪತ್ರಿಕೆ ತಂದರು. ಎರಡು ವರ್ಷ ಬಾಳಿದ ಅದು ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬ ಅನುಮಾನವನ್ನು ಬರೆದೇ ತೀರಿಸಿತು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡತೊಡಗಿದರು, ಆ ಉಪನ್ಯಾಸಗಳು ಸಾಮಾನ್ಯ ಓದುಗನ ಕೈಗೆಟಕುವ ಪುಟ್ಟ ಪುಸ್ತಕಗಳಾದವು, ಆ ಕೆಲಸವೇ ಮುಂದೆ ಪ್ರಸಾರಾಂಗವಾಯಿತು. ಈ ಚಿತ್ರಕ್ಕೆ ಒಂದು ತಿದ್ದುಪಡಿ ಬೇಕು. ಆರ್ಥಿಕ ಸಮ್ಮೇಳನದ ಕಲಾಪ ಬಹುಪಾಲು ಇಂಗ್ಲಿಷಿನಲ್ಲಿತ್ತು, ಅಲ್ಲಿ ಕೂತವರು ಓದಿಬಲ್ಲ ಮೇಲ್ವರ್ಗದವರು. ಕುಂಬಾರ, ಕಮ್ಮಾರ, ನೇಕಾರ ಆ ಮೇಜಿನ ಸುತ್ತ ಇರಲಿಲ್ಲ. ವಿಶ್ವೇಶ್ವರಯ್ಯನವರೂ ತಮ್ಮ ಪ್ರಮುಖ ಪುಸ್ತಕಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆದರು. ಹಾಗಾಗಿ ಅದನ್ನು ಸುವರ್ಣಯುಗವೆಂದು ಕೊಂಡಾಡುವುದು ನನ್ನ ಉದ್ದೇಶವಲ್ಲ. ಕಸುಬಿನ ತಿಳಿವನ್ನು ಕನ್ನಡದಲ್ಲಿ ಹಂಚುವುದು ಸಾರ್ವಜನಿಕ ಸಂಸ್ಥೆಗಳ ಕರ್ತವ್ಯ ಎಂಬ ತತ್ತ್ವ ಅಲ್ಲಿ ಒಪ್ಪಿತವಾಗಿತ್ತು, ಅಷ್ಟು ಮಟ್ಟಿಗೆ ಅದು ಇಂದಿಗಿಂತ ಮುಂದಿತ್ತು.

ಸ್ವಾತಂತ್ರ್ಯದ ನಂತರ ಆ ತತ್ತ್ವ ಸದ್ದಿಲ್ಲದೆ ಸೊರಗಿತು. ಕನ್ನಡದ ದೊಡ್ಡ ವಿದ್ವತ್ ಕಾರ್ಯಗಳೆಲ್ಲ ಆಮೇಲೆಯೇ ನಡೆದವು ಎಂಬುದೂ ನಿಜ. ಕುವೆಂಪು ಕುಲಪತಿಗಳಾಗಿದ್ದಾಗ ಮಾನಸಗಂಗೋತ್ರಿ ರೂಪುಗೊಂಡಿತು, ಕನ್ನಡ ಮಾಧ್ಯಮದ ಪಠ್ಯಗಳಿಗೆ ಬಲ ಬಂತು. 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದು ಮುಂದೆ ಹದಿನಾಲ್ಕು ಸಂಪುಟಗಳಾದವು. ಆದರೆ ಪಠ್ಯಪುಸ್ತಕ ಪರೀಕ್ಷೆಗೆ ಓದುವವನ ಕಡೆ ಮುಖ ಮಾಡಿತು, ವಿಶ್ವಕೋಶ ಗ್ರಂಥಾಲಯದ ಕಪಾಟಿನ ಕಡೆ. ಈ ಎರಡರ ನಡುವೆ ನಿಂತ ಮನುಷ್ಯನಿಗೆ, ಎಂದರೆ ಪರೀಕ್ಷೆಯಿಲ್ಲದೆ, ಸಂಶೋಧನೆಯ ಗರಜಿಲ್ಲದೆ ನಾಳೆ ಬೆಳಗಿನ ಕೆಲಸಕ್ಕೆ ಓದಬೇಕಾದವನಿಗೆ ಬರೆಯುವವರು ಕಡಿಮೆಯಾದರು. ಕಾರಣ ಊಹಿಸಲು ಕಷ್ಟವಿಲ್ಲ. ಓದಿದ ಕನ್ನಡಿಗನ ಕಣ್ಣು ಸರ್ಕಾರಿ ನೌಕರಿಯ ಮೇಲಿತ್ತು, ಆ ನೌಕರಿ ಕೇಳುತ್ತಿದ್ದದ್ದು ಕಡತ ಬರೆಯುವ ಕನ್ನಡವನ್ನು. ಕಾರ್ಖಾನೆಯ ಮೇಲ್ದರ್ಜೆಯ ಕೆಲಸ ಇಂಗ್ಲಿಷ್ ಕೇಳುತ್ತಿತ್ತು. ಯಾದವಗಿರಿಯಲ್ಲಿ 1960ರ ದಶಕದಿಂದ ಮೋಟಾರ್ ಸೈಕಲ್ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆ ಒಂದು ತಲೆಮಾರಿನ ಮೈಸೂರು ಹುಡುಗರಿಗೆ ಫಿಟ್ಟರ್, ಟರ್ನರ್ ಕೆಲಸ ಕಲಿಸಿತು, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದಾಗ ಅಲ್ಲಿ ಬೆಳೆದ ಕೈಗಳ ತಿಳಿವು ಪುಸ್ತಕವಾಗಿ ಉಳಿಯಲಿಲ್ಲ. ಆ ಬೈಕನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರಿದ್ದಾರೆ, ಅದರ ಸದ್ದಿನ ಬಗ್ಗೆ ಬರೆಯುವವರೂ ಇದ್ದಾರೆ. ಅದನ್ನು ಜೋಡಿಸಿದವನ ಕೆಲಸದ ಬಗ್ಗೆ ಬರೆದವರು ಕಾಣುವುದು ಅಪರೂಪ.

ಇತ್ತ ಮನಸ್ಸಿನ ಪುಸ್ತಕದ ಕಥೆ ಬೇರೆ. ಅದರ ಬೇರು ಮೈಸೂರಿನಲ್ಲಿ ಗಟ್ಟಿಯಾಗಿತ್ತು. ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಓದಿ ಬಂದವರು, 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೊ ನಿಲಯ ನಡೆಸಿದವರೂ ಅವರೇ. ಹಾಸ್ಯಕ್ಕೆ ‘ರಾಶಿ’ ಎಂದು ಹೆಸರಾದ ವೈದ್ಯ ಎಂ. ಶಿವರಾಂ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಖಿನ್ನತೆ, ಭಯ, ಕುಡಿತ, ನಿದ್ದೆಗಳ ಬಗ್ಗೆ ನೂರಕ್ಕೂ ಹೆಚ್ಚು ಪುಟ್ಟ ಪುಸ್ತಕಗಳನ್ನು ಕನ್ನಡದಲ್ಲಿ ಬರೆದು ಮನೆಮನೆಗೆ ತಲುಪಿಸಿದರು. ಹೆಬ್ಬಾಳಕ್ಕೆ ಹೋಗುವ ದಾರಿಗೆ ಹತ್ತಿರವೇ, ಯಾದವಗಿರಿಯಲ್ಲಿರುವ ಶ್ರೀರಾಮಕೃಷ್ಣ ಆಶ್ರಮ ವಿವೇಕಾನಂದರ ಕೃತಿಗಳನ್ನು ಕನ್ನಡಕ್ಕೆ ತಂದಿತು. ಅದೇ ಪರಂಪರೆಯ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’, ಸ್ವಾಮಿ ಪುರುಷೋತ್ತಮಾನಂದರ ‘ವಿದ್ಯಾರ್ಥಿಗೊಂದು ಪತ್ರ’ ಹಳ್ಳಿಯ ಹಾಸ್ಟೆಲುಗಳ ತನಕ ಹೋದವು. ಈ ಪುಸ್ತಕಗಳು ಒಳ್ಳೆಯದು ಮಾಡಿವೆ. ಆತ್ಮಹತ್ಯೆಯ ಯೋಚನೆಯಲ್ಲಿದ್ದ ಹುಡುಗನನ್ನು, ಸೋತು ಕೂತ ಹೆಣ್ಣುಮಗಳನ್ನು ಎತ್ತಿ ನಿಲ್ಲಿಸುವ ಪುಸ್ತಕ ಸಣ್ಣದಲ್ಲ. ನನ್ನ ತಕರಾರು ಅವುಗಳ ಮೇಲಲ್ಲ. ವೈದ್ಯನೋ ಸನ್ಯಾಸಿಯೋ ಮನಸ್ಸಿಗೆಂದು ಬರೆದದ್ದನ್ನು ವ್ಯಾಪಾರದ ಪುಸ್ತಕದ ಜಾಗದಲ್ಲಿ ಇಟ್ಟಾಗ ತೊಡಕು ಶುರುವಾಗುತ್ತದೆ.

ಆ ಜಾಗಕ್ಕೆ ಆಮೇಲೆ ಬಂದು ಕೂತದ್ದು ಅನುವಾದಗಳು. ಡೇಲ್ ಕಾರ್ನೆಗಿಯ ಹೆಸರಾಂತ ಪುಸ್ತಕ 1936ರದು, ನೆಪೋಲಿಯನ್ ಹಿಲ್‌ನದು 1937ರದು. ಎರಡೂ ಅಮೆರಿಕದ ಮಹಾಕುಸಿತದ ವರ್ಷಗಳು. ಬ್ಯಾಂಕುಗಳು ಮುಳುಗಿ, ಕೆಲಸ ಹೋಗಿ ಜನ ಕಂಗೆಟ್ಟಿದ್ದಾಗ, ಲೋಕವನ್ನು ಬದಲಿಸಲಾರದವನಿಗೆ ನಿನ್ನ ನಡೆನುಡಿ ಬದಲಿಸಿಕೋ, ನಿನ್ನ ಯೋಚನೆ ಬದಲಿಸಿಕೋ ಎಂದು ಹೇಳಿದ ಪುಸ್ತಕಗಳು ಅವು. 1991ರ ನಂತರ ನಮ್ಮಲ್ಲಿ ಸರ್ಕಾರಿ ವಲಯದ ನೇಮಕಾತಿ ಬಿಗಿಯಾಗಿ, ಖಾಸಗಿ ಕೆಲಸ ಇಂಗ್ಲಿಷ್ ಬಲ್ಲವರನ್ನೇ ಕರೆಯತೊಡಗಿದಾಗ ಅದೇ ಪುಸ್ತಕಗಳು, ಅವುಗಳ ತಮ್ಮಂದಿರು, ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ವಿಜಯದ ಪಾಠಗಳು ಕನ್ನಡದಲ್ಲಿ ಬಿಸಿಬಿಸಿಯಾಗಿ ಖರ್ಚಾದದ್ದು ಕಾಕತಾಳೀಯವಲ್ಲ ಎಂದೇ ನನಗೆ ತೋರುತ್ತದೆ. ಇಂಥ ಪುಸ್ತಕದ ಹಸಿವನ್ನು ಮೈಸೂರಿನ ಆರ್.ಕೆ. ನಾರಾಯಣ್ ಬಹಳ ಮೊದಲೇ ಕಂಡಿದ್ದರು. 1952ರಲ್ಲಿ ಪ್ರಕಟವಾದ ಅವರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ ಕಾದಂಬರಿಯ ಮಾರ್ಗಯ್ಯ ಸಹಕಾರಿ ಬ್ಯಾಂಕಿನ ಎದುರು ಆಲದ ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ಅರ್ಜಿ ತುಂಬಿಕೊಡುವವನು. ಅವನು ಕುದುರಿಕೊಳ್ಳುವುದು ತಾನು ಬಲ್ಲ ಆ ವಿದ್ಯೆಯಿಂದಲ್ಲ, ದಾಂಪತ್ಯದ ಗುಟ್ಟು ಹೇಳುವ ಒಂದು ಪುಸ್ತಕವನ್ನು ಅಚ್ಚು ಹಾಕಿಸಿ. ಸಾಲದ ಕಾಗದ ಓದಿ ಹೇಳಬಲ್ಲವನ ಜ್ಞಾನಕ್ಕೆ ಆಲದ ಮರದ ನೆರಳಷ್ಟೇ ಸಿಕ್ಕಿತು, ಗುಟ್ಟಿನ ಪುಸ್ತಕಕ್ಕೆ ದೇಶವೇ ಮಾರುಕಟ್ಟೆಯಾಯಿತು. ಪುಸ್ತಕ ವ್ಯಾಪಾರದ ಈ ಒಲವನ್ನು ನಾರಾಯಣ್ ಕಾದಂಬರಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಅರ್ಥಶಾಸ್ತ್ರಜ್ಞರು ಹೇಳಿದ್ದನ್ನು ನಾನು ಓದಿಲ್ಲ.

ಸ್ವಂತ ಏಳಿಗೆಯ ಸಾಹಿತ್ಯ ಹುಟ್ಟಿನಿಂದಲೇ ಹೀಗಿತ್ತೇ ಎಂದು ನೋಡಿದರೆ ಅಚ್ಚರಿಯಾಗುತ್ತದೆ. ಆ ಪ್ರಕಾರಕ್ಕೆ ಹೆಸರು ಕೊಟ್ಟ ಸ್ಯಾಮ್ಯುಯಲ್ ಸ್ಮೈಲ್ಸ್‌ನ ‘ಸೆಲ್ಫ್ ಹೆಲ್ಪ್’ 1859ರಲ್ಲಿ ಹೊರಬಂತು. ಅದರ ಮೂಲ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕೆಲವು ಬಡ ದುಡಿಮೆಗಾರ ಹುಡುಗರು ಸಂಜೆ ಸೇರಿ ಓದು, ಬರಹ, ಲೆಕ್ಕ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಕಟ್ಟಿಕೊಂಡಿದ್ದ ಕೂಟ. ಅವರು ಕರೆದರೆಂದು ಸ್ಮೈಲ್ಸ್ ಮಾತಾಡಿದ, ಆ ಮಾತುಗಳೇ ಪುಸ್ತಕಕ್ಕೆ ಬೀಜವಾದವು. ಪುಸ್ತಕದ ತುಂಬ ಕುಂಬಾರರು, ನೇಕಾರರು, ಎಂಜಿನಿಯರುಗಳು, ಅವರು ಯಾವ ಮಣ್ಣನ್ನು ಎಷ್ಟು ಸಲ ಸುಟ್ಟರು, ಯಾವ ಯಂತ್ರವನ್ನು ಎಷ್ಟು ಬಾರಿ ಬಿಚ್ಚಿ ಜೋಡಿಸಿದರು ಎಂಬ ವಿವರ. ಹೆಸರು ಒಬ್ಬೊಬ್ಬನ ಸ್ವಸಹಾಯವಾದರೂ ಹುಟ್ಟಿದ್ದು ಕೂಡಿ ಓದುವವರ ನಡುವೆ, ಬೆಳೆದದ್ದು ಕಸುಬಿನ ಆಸರೆಯಲ್ಲಿ. ಮುಂದಿನ ಶತಮಾನದ ಪುಸ್ತಕಗಳು ಕೂಟವನ್ನೂ ಕಸುಬನ್ನೂ ಕಳಚಿ ಮನಸ್ಸನ್ನು ಮಾತ್ರ ಇಟ್ಟುಕೊಂಡವು. ನಾವು ಅನುವಾದಿಸಿಕೊಂಡದ್ದು ಹೆಚ್ಚಾಗಿ ಹೀಗೆ ಅರ್ಧ ಕಳಚಿದ ಸರಕನ್ನು. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದಿಂದ, ವಚನಕಾರರ ಕಾಯಕದಿಂದ ನಿರ್ವಹಣಾ ಸೂತ್ರ ಹೆಕ್ಕಿ ಕೊಡುವ ಉಪನ್ಯಾಸಗಳೂ ಈಗ ಉಂಟು. ಕಗ್ಗ ಕಗ್ಗವಾಗಿಯೇ ಬೇಕು, ಬದುಕಿನ ಸಂದೇಹಕ್ಕೆ ಅದು ದೊಡ್ಡ ಆಸರೆ. ಬ್ಯಾಂಕಿನ ಓವರ್‌ಡ್ರಾಫ್ಟಿನ ಸಂದೇಹಕ್ಕೆ ಅದನ್ನು ಎಳೆದರೆ ಎರಡಕ್ಕೂ ಅನ್ಯಾಯ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ ಭಾಷೆಯದು. ವ್ಯವಹಾರದ ಭಾಷೆ ಇಂಗ್ಲಿಷ್, ಬೇಕಾದವರು ಇಂಗ್ಲಿಷಿನಲ್ಲೇ ಓದಿಕೊಳ್ಳಲಿ, ಕನ್ನಡದಲ್ಲಿ ಬರೆದು ಅವರನ್ನು ಬಾವಿಯೊಳಗೆ ಇಡುವುದೇಕೆ ಎಂದು. ಹೆಬ್ಬಾಳದ ಯಾವುದಾದರೂ ಘಟಕದ ಗೋಡೆ ಈ ಆಕ್ಷೇಪಕ್ಕೆ ಅರ್ಧ ಉತ್ತರ ಕೊಡುತ್ತದೆ. ಯಂತ್ರದ ಪಕ್ಕ ತೂಗುಹಾಕಿದ ‘5 ಎಸ್’ ಫಲಕ: ಬೇಕಾದ್ದು ಬೇಡದ್ದು ವಿಂಗಡಿಸು, ಒಪ್ಪವಾಗಿ ಜೋಡಿಸು, ಶುಚಿಗೊಳಿಸು, ಅದನ್ನೇ ನಿಯಮವಾಗಿಸು, ಶಿಸ್ತು ಪಾಲಿಸು. ಜಪಾನಿನ ಸೈರಿ, ಸೈಟನ್, ಸೈಸೊ, ಸೈಕೆತ್ಸು, ಶಿತ್ಸುಕೆ ಎಂಬ ಐದು ಮಾತುಗಳು ಇಂಗ್ಲಿಷ್ ದಾಟಿ ಕನ್ನಡವಾದದ್ದು ಭಾಷಾಭಿಮಾನದಿಂದಲ್ಲ, ಕೆಲಸ ಆಗಬೇಕಿತ್ತು ಅದಕ್ಕೆ. ಟರ್ನರನಿಗೆ ಅರ್ಥವಾಗದ ಫಲಕದಿಂದ ಸ್ಪ್ಯಾನರ್ ತನ್ನ ಜಾಗಕ್ಕೆ ಮರಳುವುದಿಲ್ಲ. ಉತ್ತರದ ಇನ್ನರ್ಧ ಜಪಾನಿನಲ್ಲೇ ಇದೆ. 1950ರಲ್ಲಿ ಅಮೆರಿಕದ ಡೆಮಿಂಗ್ ಅಲ್ಲಿ ಗುಣಮಟ್ಟದ ಸಂಖ್ಯಾಶಾಸ್ತ್ರವನ್ನು ಎಂಜಿನಿಯರುಗಳಿಗೂ ಮಾಲೀಕರಿಗೂ ಬೋಧಿಸಿದ. ಅದು ಕಾರ್ಖಾನೆಯ ಮೇಸ್ತ್ರಿಗೆ ಇಳಿಯಬೇಕೆಂದು 1962ರಲ್ಲಿ ಕಾವೊರು ಇಶಿಕಾವಾ ಮತ್ತು ಸಂಗಡಿಗರು ‘ಗೆಂಬಾ ಟು ಕ್ಯೂಸಿ’ ಎಂಬ ಪತ್ರಿಕೆ ಶುರುಮಾಡಿದರು. ಮೇಸ್ತ್ರಿ ತನ್ನ ಜೇಬಿನಿಂದ ಕೊಳ್ಳುವಷ್ಟು ಅಗ್ಗ, ತನ್ನ ಭಾಷೆಯಲ್ಲಿ. ಒಬ್ಬನೇ ಓದಿದರೆ ನಿಂತುಹೋಗುತ್ತದೆಂದು ಕೂಡಿ ಓದುವ ಪುಟ್ಟ ಗುಂಪು ಕಟ್ಟಿಕೊಳ್ಳಲು ಪತ್ರಿಕೆಯೇ ಹೇಳಿತು. ಲೋಕವೆಲ್ಲ ಅನುಕರಿಸಿದ ‘ಕ್ವಾಲಿಟಿ ಸರ್ಕಲ್’ ಹುಟ್ಟಿದ್ದು ಹೀಗೆ, ಓದುವ ಗುಂಪಾಗಿ. ಮೈಸೂರಿನ ಕಾರ್ಖಾನೆಗಳು ಸರ್ಕಲನ್ನು ತಂದುಕೊಂಡವು, ಅದಕ್ಕೆ ಉಸಿರು ಕೊಟ್ಟ ಪತ್ರಿಕೆಯಂಥದ್ದನ್ನು ಕನ್ನಡಕ್ಕೆ ತಂದುಕೊಳ್ಳಲಿಲ್ಲ. ಫಲಕ ಕನ್ನಡಕ್ಕೆ ಬಂತು, ಫಲಕದ ಹಿಂದಿನ ಕಾರಣ ಇಂಗ್ಲಿಷಿನಲ್ಲೇ ಉಳಿಯಿತು. ಹೀಗಿರುವಾಗ ಕೆಳಗಿನವನಿಗೆ ಸಿಗುವುದು ಆಜ್ಞೆ, ಮೇಲಿನವನಿಗೆ ಸಿಗುವುದು ತಿಳಿವಳಿಕೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವ್ಯಾಪಾರ ಪುಸ್ತಕ ಓದಿ ಬರುವ ವಿದ್ಯೆಯಲ್ಲ, ತಕ್ಕಡಿ ಹಿಡಿದೇ ಬರಬೇಕು. ನಂಜನಗೂಡಿನ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿ ಹಲ್ಲುಪುಡಿಯನ್ನು ಮನೆಮಾತಾಗಿಸಿದ್ದು, ಎನ್. ರಂಗರಾಯರು 1948ರಲ್ಲಿ ಮೈಸೂರಿನಲ್ಲಿ ಊದುಬತ್ತಿ ಉದ್ಯಮ ಶುರುಮಾಡಿ ಸೈಕಲ್ ಎಂಬ ಎಲ್ಲರೂ ಗುರುತಿಸಬಲ್ಲ ಚಿತ್ರವನ್ನೇ ಹೆಸರಾಗಿ ನಿಲ್ಲಿಸಿದ್ದು ಯಾವ ಮಾರ್ಕೆಟಿಂಗ್ ಪುಸ್ತಕ ಓದಿ? ಒಪ್ಪುವ ಮಾತೇ. ಆದರೆ ತಕ್ಕಡಿ ಯಾರ ಮನೆಯಲ್ಲಿದೆಯೋ ಅವರ ಮಕ್ಕಳಿಗೆ ಮಾತ್ರ ಆ ಶಾಲೆ ತೆರೆದಿರುತ್ತದೆ. ಸೋದರಮಾವನ ಅಂಗಡಿಯಲ್ಲಿ ಕೂತು ಕಲಿಯುವ ಹುಡುಗನಿಗೆ ಪುಸ್ತಕ ಬೇಡದಿರಬಹುದು. ಅಪ್ಪ ಗೇಣಿ ಹೊಲದಲ್ಲಿ ದುಡಿದು, ತಾನು ಐಟಿಐ ಮುಗಿಸಿ, ಹತ್ತು ವರ್ಷ ಕಾರ್ಖಾನೆಯಲ್ಲಿ ತೇಯ್ದು, ಸಾಲ ತೆಗೆದು ಹೆಬ್ಬಾಳದಲ್ಲಿ ಒಂದು ಲೇತ್ ಹಾಕಿಕೊಂಡವನಿಗೆ ಅಂಥ ಮಾವನಿಲ್ಲ. ಜಾತಿಯಿಂದ ಜಾತಿಗೆ ದಾಟದ ವಿದ್ಯೆಯನ್ನು ದಾಟಿಸುವ ಸಾಧನ ಪುಸ್ತಕವೊಂದೇ ಅಲ್ಲದಿದ್ದರೂ ಅಗ್ಗದ ಸಾಧನ ಅದೇ. ಮೈಸೂರ್ ಸ್ಯಾಂಡಲ್ ಸೋಪಿನ ಚರಿತ್ರೆಯನ್ನೇ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ಮರ ಸಾಗಿಸುವುದು ನಿಂತು ರಾಶಿ ಬಿದ್ದದ್ದು, ಎಣ್ಣೆ ಇಲ್ಲೇ ತೆಗೆದದ್ದು, ಎಸ್.ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನು ವಿದ್ಯೆ ಕಲಿಸಿದ್ದು, ಒಡವೆಯ ಡಬ್ಬಿಯನ್ನು ನೆನಪಿಸುವ ಪೆಟ್ಟಿಗೆ, ಆನೆಯ ಮುಖ ಸಿಂಹದ ಮೈಯ ಶರಭದ ಮುದ್ರೆ. ಕಚ್ಚಾಮಾಲಿನ ಬಿಕ್ಕಟ್ಟು, ತಂತ್ರಜ್ಞಾನ, ವಿನ್ಯಾಸ, ಮಾರಾಟ ನಾಲ್ಕೂ ಸೇರಿದ ಇಂಥ ಪಾಠ ಬೇರೆ ದೇಶದಲ್ಲಿದ್ದರೆ ತರಗತಿಗಳಲ್ಲಿ ಬಿಡಿಸಿ ಓದುತ್ತಿದ್ದರು. ನಾವು ಅದನ್ನು ಅಭಿಮಾನದ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಸೋಲಿನ ಪಾಠಕ್ಕೂ ಕನ್ನಡದಲ್ಲಿ ಕೊರತೆಯಿಲ್ಲ, ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಆತ್ಮಕಥೆಯಲ್ಲಿ ಪತ್ರಿಕೆ, ಮುದ್ರಣ, ಪ್ರಕಟಣೆಗಳಿಗೆ ಕೈಹಾಕಿ ಸುಟ್ಟುಕೊಂಡ ಮನುಷ್ಯನೂ ಇದ್ದಾನೆ. ಸಾಹಿತ್ಯವೆಂದು ಓದುವ ಅದನ್ನು ಉದ್ಯಮದ ದಾಖಲೆಯೆಂದೂ ಓದುವವರು ಬೇಕು.

ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ, ಪುಸ್ತಕ ಯಾಕೆ ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಯಂತ್ರ ಹೇಗೆ ಓಡಿಸಬೇಕೆಂಬುದನ್ನು ವಿಡಿಯೊ ಪುಸ್ತಕಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಲೆಕ್ಕ ಮಾತ್ರ ಪುಟದ ಮೇಲೆ ಕೂತು, ಬೆರಳಿಟ್ಟು, ಹಿಂದೆ ಮುಂದೆ ಹೋಗಿ ಓದಬೇಕಾದದ್ದು.

ಎಂಥ ಪುಸ್ತಕ ಎಂಬುದಕ್ಕೆ ಒಂದು ಲೆಕ್ಕವನ್ನೇ ಬಿಡಿಸಿ ನೋಡೋಣ. ಜಾಬ್ ವರ್ಕ್ ಮಾಡುವ ಒಬ್ಬ ಸಾವಿರ ಬುಷ್‌ಗಳನ್ನು ತಲಾ 40 ರೂಪಾಯಿಗೆ ತಿರುಗಿಸಿಕೊಡಲು ಒಪ್ಪಿದ ಎಂದಿಟ್ಟುಕೊಳ್ಳಿ. ಬಿಲ್ಲು 40,000. ಕೂಲಿ, ಕರೆಂಟು, ಟೂಲು, ಬಾಡಿಗೆ ಸೇರಿ 34,000. ಉಳಿತಾಯ 6,000 ಎಂದು ಆತ ಮನಸ್ಸಿನಲ್ಲೇ ಬರೆದುಕೊಳ್ಳುತ್ತಾನೆ. ಆರು ಲಕ್ಷದ ಲೇತ್ ಹತ್ತು ವರ್ಷ ಬಾಳುವುದಾದರೆ ತಿಂಗಳಿಗೆ 5,000 ಸವಕಳಿ, ತಿಂಗಳ ಇಪ್ಪತ್ತೈದು ಕೆಲಸದ ದಿನಗಳಲ್ಲಿ ಹತ್ತನ್ನು ಈ ಕೆಲಸ ತಿಂದರೆ ಇದರ ಪಾಲು 2,000. ನೂರಕ್ಕೆ ಮೂರು ರಿಜೆಕ್ಟ್ ಆದರೆ 1,200 ಹೋಯಿತು. ಹಣ 45 ದಿನಕ್ಕೆ ಬರುವ ಬದಲು 120 ದಿನಕ್ಕೆ ಬಂತು, ಮಿಕ್ಕ 75 ದಿನ ಅಷ್ಟು ಹಣಕ್ಕೆ ವರ್ಷಕ್ಕೆ ಶೇ. 18ರ ಬಡ್ಡಿ ಕಟ್ಟಿದರೆ ಸುಮಾರು 1,480. ಆರು ಸಾವಿರದಲ್ಲಿ ಉಳಿದದ್ದು 1,320. ಅವನು ಸೋತದ್ದು ಧೈರ್ಯ ಕಡಿಮೆಯಾಗಿ ಅಲ್ಲ, ಗುರಿ ಇಲ್ಲದೆಯೂ ಅಲ್ಲ. ಸಣ್ಣ ಮತ್ತು ಅತಿಸಣ್ಣ ಉದ್ಯಮಗಳಿಗೆ ಕೊಳ್ಳುವವರು 45 ದಿನದೊಳಗೆ ಹಣ ಕೊಡಬೇಕೆಂದು, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂದು 2006ರ ಕಾಯಿದೆ ಹೇಳುತ್ತದೆ. ಆ ಕಾಯಿದೆ, ಆ ಲೆಕ್ಕ, ಬಡ್ಡಿ ಕೇಳುವ ಪತ್ರವನ್ನು ಗಿರಾಕಿ ಮುರಿದುಕೊಳ್ಳದಂತೆ ಬರೆಯುವ ಬಗೆ ಇವಿಷ್ಟನ್ನು ಎಂಬತ್ತು ಪುಟದಲ್ಲಿ, ಸ್ಪಷ್ಟ ಕನ್ನಡದಲ್ಲಿ, ಕೋಷ್ಟಕ ಸಹಿತ ಕೊಟ್ಟರೆ ಅದಕ್ಕಿಂತ ದೊಡ್ಡ ಆತ್ಮವಿಶ್ವಾಸದ ಪುಸ್ತಕ ಇನ್ನಾವುದಿದೆ?

ಬರೆಸಬಲ್ಲವರೂ ದೂರದಲ್ಲಿಲ್ಲ. ಹೆಬ್ಬಾಳದಿಂದ ಕೆಲವೇ ಕಿಲೋಮೀಟರಿನಲ್ಲಿ ಪ್ರಚಾರೋಪನ್ಯಾಸದ ನೆನಪಿರುವ ಪ್ರಸಾರಾಂಗವಿದೆ, ದೂರಶಿಕ್ಷಣದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ, ಜ್ಞಾನಪಠ್ಯಗಳನ್ನು ಭಾರತೀಯ ಭಾಷೆಗಳಿಗೆ ತರಲೆಂದೇ ಇರುವ ರಾಷ್ಟ್ರೀಯ ಅನುವಾದ ಮಿಷನ್ನನ್ನು ನಡೆಸುವ ಭಾರತೀಯ ಭಾಷಾ ಸಂಸ್ಥಾನವಿದೆ. ಹೆಬ್ಬಾಳದೊಳಗೇ ಲೆಕ್ಕ ಬಲ್ಲ ಮೇಸ್ತ್ರಿಗಳು, ನಿವೃತ್ತ ಗುಣಮಟ್ಟ ಅಧಿಕಾರಿಗಳು, ಸಣ್ಣ ಘಟಕ ನಡೆಸಿ ಗೆದ್ದವರು, ಮುಚ್ಚಿದವರು ಇದ್ದಾರೆ. ಪುಸ್ತಕದ ಮೊದಲ ಕರಡನ್ನು ಓದಿ ತಪ್ಪು ಹೇಳಬೇಕಾದವರು ಅವರೇ. ಪಾಳಿ ಬದಲಾಗುವ ಹೊತ್ತಿನ ಅರ್ಧ ಗಂಟೆಯಲ್ಲಿ, ಆ ಐದು ಮಾತಿನ ಫಲಕದ ಕೆಳಗೆ ನಾಲ್ಕು ಜನ ಕೂತು ಓದಲು ಎಂಬತ್ತು ಪುಟ ಭಾರವಾಗುವುದಿಲ್ಲ.